ಬ್ಯಾರನ್ನಿನಲ್ಲಿ ಹದವಾದ ಪುಸ್ತಕಗಳು

ಹುಣಸೂರಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಪುಸ್ತಕಗಳೆಂದರೆ ಪ್ರಾಣ. ಇಲಿ, ಗೆದ್ದಲುಗಳನ್ನು ಅವರು ಹೇಗೋ ಸಹಿಸುತ್ತಿದ್ದರು. ಸಹಿಸಲಾಗದೆ ಹೋದದ್ದು ಓದುಗರನ್ನು. ಯಾರಾದರೂ ಮೆಟ್ಟಿಲು ಹತ್ತಿ ಬಂದು ಪುಸ್ತಕ ಬೇಕು ಎಂದರೆ ಸಾಕು, ಹೆಣ್ಣು ಕೇಳಲು ಬಂದವರನ್ನು ನೋಡುವ ಹಾಗೆ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಆಮೇಲೆ "ಕೈ ತೋರಿಸು" ಎನ್ನುತ್ತಿದ್ದರು. ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಬಿಂದಿಗೆ, ತೆಂಗಿನ ಕರಟದಲ್ಲಿ ಸೀಗೆಪುಡಿ. ಕೈ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ಒಣಗಿಸಿಕೊಂಡು ಬಂದವನಿಗೂ "ಆ ಪುಸ್ತಕ ಈಗ ಕೊಡೋ ಹಾಗಿಲ್ಲ, ಬೈಂಡು ಸಡಿಲವಾಗಿದೆ" ಎಂಬ ಉತ್ತರವೇ ಹೆಚ್ಚು ಸಲ ಸಿಗುತ್ತಿತ್ತು. ಗಾಜಿನ ಬೀರುವಿನ ಬೀಗದ ಕೈ ಅವರ ಜನಿವಾರಕ್ಕೆ ಕಟ್ಟಿರುತ್ತಿತ್ತು. ಅದನ್ನು ಬಿಚ್ಚಿ ಬೀಗ ತೆರೆಯುವಷ್ಟರಲ್ಲಿ ಅರ್ಧ ಜನ ಸಂತೆಗೆ ಹೊತ್ತಾಯಿತೆಂದು ಹೊರಟೇಹೋಗುತ್ತಿದ್ದರು.

ಊರಿನವರು ಅವರನ್ನು ಬುಕ್ಕಿನ ಮೇಷ್ಟ್ರು ಎನ್ನುತ್ತಿದ್ದರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಾಚನಾಲಯದ ಹಿಂದಿನ ಸಣ್ಣ ಕೋಣೆಯಲ್ಲೇ ಒಂದು ಒಲೆ, ಒಂದು ಟ್ರಂಕು ಇಟ್ಟುಕೊಂಡು ಇದ್ದರು. ಆ ಕಟ್ಟಡ ಬಿಟ್ಟರೆ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ನಾನು ಹುಟ್ಟಿದ್ದು ಕೃಷ್ಣರಾಜನಗರದಲ್ಲಿ. ಹೊಳೆ ನುಗ್ಗಿದ ಹಳೆಯ ಊರನ್ನು ಬಿಟ್ಟು ಹೊಸದಾಗಿ ಕಟ್ಟಿದ ಊರದು, ಬೀದಿಗಳೆಲ್ಲ ಗೆರೆ ಎಳೆದಂತೆ ನೇರ. ಅಪ್ಪ ಕಬ್ಬಿನ ಗದ್ದೆಯವರು. ಆದರೂ ನನ್ನನ್ನು ಮಿಡ್ಲ್ ಸ್ಕೂಲಿನವರೆಗೆ ಓದಿಸಿದ್ದರು, ಅದಕ್ಕಾಗಿ ನೆಂಟರಿಂದ ಸಾಕಷ್ಟು ಮಾತು ಕೇಳಿದ್ದರು. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮದುವೆಯಾಗಿ ಹುಣಸೂರಿನ ಪಕ್ಕದ ಹಳ್ಳಿಯೊಂದಕ್ಕೆ, ಹೊಗೆಸೊಪ್ಪು ಬೆಳೆಯುವ ಮನೆಗೆ ಬಂದೆ. ಆ ಮನೆಯಲ್ಲಿ ಅಕ್ಷರವಿದ್ದ ವಸ್ತುಗಳೆಂದರೆ ಗೋಡೆಯ ಮೇಲಿನ ಬೆಂಕಿಪೊಟ್ಟಣದ ಕ್ಯಾಲೆಂಡರು ಮತ್ತು ಒಂದು ಸೀಮೆಎಣ್ಣೆ ಡಬ್ಬ. ಎರಡನ್ನೂ ಮೊದಲ ವಾರದಲ್ಲೇ ಓದಿ ಮುಗಿಸಿದೆ.

ಪ್ರತಿ ಸಂತೆಗೂ ಯಜಮಾನರ ಹತ್ತಿರ ಒಂದು ಪುಸ್ತಕ ತಂದುಕೊಡಿ ಎಂದು ಬೇಡಿಕೊಳ್ಳುತ್ತಿದ್ದೆ. ಅವರು ಹೋಗುತ್ತಿದ್ದರು, ಬರಿಗೈಯಲ್ಲಿ ಬರುತ್ತಿದ್ದರು. ಹಸಿ ಸೊಪ್ಪು ಮುರಿಯುವವರ ಕೈಗೆ ಕಪ್ಪು ಮೇಣ ಅಂಟುತ್ತದೆ. ಅದು ಸೀಗೆಗೂ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ, ಸುಗ್ಗಿ ಮುಗಿದು ಚರ್ಮವೇ ಸುಲಿದುಹೋಗಬೇಕು.

"ಆವಯ್ಯ ನನ್ ಕೈ ನೋಡಿ ಎಲ್ಡೆಜ್ಜೆ ಇಂದಕ್ಕೋದ ಕಣೆ" ಎಂದರು ಯಜಮಾನರು ಒಂದು ಸಲ. "ಪುಸ್ಕ ಕೊಡಿ ಅಂದ್ರೆ, ಮೊದ್ಲು ಬೆಳೆ ಬದಲಾಯ್ಸು ಅಂತಾನೆ."

ಇಷ್ಟಾದರೂ ಮೇಷ್ಟ್ರನ್ನು ಬೈಯಲು ನಮ್ಮ ಮನೆಯಲ್ಲಿ ಒಬ್ಬರು ಬಿಡುತ್ತಿರಲಿಲ್ಲ. ಅವರು ನನ್ನ ಮಾವ. ಕಾರಣ, ಸಂತೆಯ ದಿನ ಸಂಜೆ ಮೇಷ್ಟ್ರು ವಾಚನಾಲಯದ ಜಗುಲಿಯಲ್ಲಿ ನಿಂತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಪುಸ್ತಕ ಮುಟ್ಟಲು ಬಿಡದ ಮನುಷ್ಯ, ಕೇಳುವುದಕ್ಕೆ ಮಾತ್ರ ಯಾರು ಬಂದರೂ ಬೇಡ ಎನ್ನುತ್ತಿರಲಿಲ್ಲ. ಕಿವಿಯಲ್ಲಿ ಮೇಣ ಅಂಟಿರುವುದಿಲ್ಲವಲ್ಲ. ಗಾಡಿ ಹೊಡೆಯುವವರು, ಸೊಪ್ಪಿನ ವ್ಯಾಪಾರದ ಸಾಬರು, ಮಡಿಕೇರಿ ಬಸ್ಸಿಗೆ ಕಾಯುವವರು ಎಲ್ಲ ಕೂತು ಯುದ್ಧದ ಸುದ್ದಿ ಕೇಳುತ್ತಿದ್ದರು. ಮೇಷ್ಟ್ರು ಓದುವ ರೀತಿ ಹೇಗಿತ್ತೆಂದರೆ, ಆಫ್ರಿಕಾದ ಮರಳುಗಾಡಿನಲ್ಲಿ ಟ್ಯಾಂಕು ಯಾವ ಕಡೆ ತಿರುಗಬೇಕು ಎಂದು ತಾವೇ ಬೆಳಿಗ್ಗೆ ಹೇಳಿಕಳಿಸಿದ್ದ ಹಾಗೆ. ಸೋತ ಸುದ್ದಿ ಬಂದ ದಿನ ಸ್ವಲ್ಪ ಕೆಮ್ಮುತ್ತಿದ್ದರು. ಮಾವ ಅದನ್ನೆಲ್ಲ ಮನೆಗೆ ತಂದು, ತಮ್ಮದೂ ಒಂದಿಷ್ಟು ಸೇರಿಸಿ, ಹಟ್ಟಿಯ ಮುಂದೆ ಇನ್ನೊಮ್ಮೆ ಹೇಳುತ್ತಿದ್ದರು. ನಮ್ಮೂರಿಗೆ ಬಂದು ತಲುಪುವಷ್ಟರಲ್ಲಿ ಜರ್ಮನಿಯವರು ಪಿರಿಯಾಪಟ್ಟಣದ ಹತ್ತಿರವೇ ಇರುತ್ತಿದ್ದರು.

ಆ ವರ್ಷ ಆಷಾಢದಲ್ಲಿ ಲಕ್ಷ್ಮಣತೀರ್ಥ ಉಕ್ಕಿತು. ಹೊಳೆಯ ಕಡೆಗಿದ್ದ ಬೀದಿಗಳಿಗೆಲ್ಲ ನೀರು ನುಗ್ಗಿತು. ವಾಚನಾಲಯದ ಗಾಜಿನ ಬೀರು ಮಗುಚಿಬಿತ್ತು. ಮೇಷ್ಟ್ರು ಬೀಗ ತೆಗೆಯಲು ಜನಿವಾರದ ಗಂಟು ಬಿಚ್ಚುತ್ತಿದ್ದಾಗಲೇ ಬಿತ್ತಂತೆ. ಇದನ್ನು ಹೇಳಿ ನಗುವವರು ಊರಿನಲ್ಲಿ ಕೆಲವರಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ಪುಸ್ತಕಗಳೆಲ್ಲ ನೆಂದು ಊದಿಕೊಂಡಿದ್ದವು. ಬೆನ್ನಿಗೆ ಅಂಟಿಸಿದ್ದ ಚೀಟಿಗಳು ತೊಳೆದುಹೋಗಿದ್ದವು. ರಟ್ಟುಗಳು ಕಿತ್ತು ಬಂದಿದ್ದವು.

ಊರಿನ ದೊಡ್ಡವರು ಕೂಡಿ ಮಾತಾಡಿದರು. ಪುಸ್ತಕವಿಲ್ಲದ ಮೇಲೆ ವಾಚನಾಲಯವೇಕೆ, ಯುದ್ಧದ ಕಾಲದಲ್ಲಿ ಧಾನ್ಯದ ಡಿಪೋಗೆ ಜಾಗ ಬೇಕು, ಕಟ್ಟಡ ಅದಕ್ಕೆ ಕೊಡೋಣ ಎಂದರು. ದಸರೆಗೆ ಮುಂಚೆ ಮೈಸೂರಿನಿಂದ ಒಬ್ಬ ಅಧಿಕಾರಿ ಬಂದು ನೋಡಿ ತೀರ್ಮಾನ ಮಾಡುತ್ತಾರೆ ಎಂದಾಯಿತು. ಪುಸ್ತಕ ಉಳಿದರೆ ಮೇಷ್ಟ್ರು ಉಳಿದರು, ಇಲ್ಲದಿದ್ದರೆ ಟ್ರಂಕು ಹೊತ್ತುಕೊಂಡು ಹೊರಡಬೇಕು.

ಮಾವ ಸಂತೆಯಿಂದ ಬಂದು ಊಟಕ್ಕೆ ಕೂತವರು ಮುದ್ದೆ ಮುರಿಯಲೇ ಇಲ್ಲ. "ಮಳೆ ಉಯ್ತಾ ಐತೆ, ಆವಯ್ಯ ಜಗ್ಲಿ ಮ್ಯಾಲೆ ಪುಸ್ಕ ಅರಡ್ಕೊಂಡು ಬೀಸಣಿಗೇಲಿ ಗಾಳಿ ಆಕ್ತಾ ಕುಂತವ್ನೆ" ಎಂದರು. "ಸೊಪ್ಪು ವಣಗೋ ಜಾಗ್ದಲ್ಲಿ ಕಾಗ್ದ ವಣಗಾಕಿಲ್ವಾ?" ಎಂದು ನಮ್ಮ ಕಡೆ ನೋಡಿದರು.

ಸೊಪ್ಪು ಒಣಗುವ ಜಾಗ ಎಂದರೆ ಬ್ಯಾರನ್ನು. ಕಿಟಕಿಯಿಲ್ಲದ ಎತ್ತರದ ಮಣ್ಣಿನ ಮನೆ ಅದು. ಹೊರಗೆ ಒಲೆ, ಒಳಗೆ ನೆಲದ ಮೇಲೆ ಸುತ್ತಿ ಹೋಗುವ ತಗಡಿನ ಕೊಳವೆ. ಬೆಂಕಿಯ ಬಿಸಿ ಆ ಕೊಳವೆಯಲ್ಲಿ ಹರಿದು, ಮೇಲೆ ಸಾಲು ಸಾಲಾಗಿ ಕೋಲುಗಳಿಗೆ ಕಟ್ಟಿ ತೂಗುಹಾಕಿದ ಹಸಿರೆಲೆಯನ್ನು ಚಿನ್ನದ ಬಣ್ಣಕ್ಕೆ ತರುತ್ತದೆ. ಆ ಸೀಮೆಗೆ ಬ್ಯಾರನ್ನು ಆಗಿನ್ನೂ ಹೊಸದು. ಬೆಂಕಿಯ ಹದ ನೋಡುವುದರಲ್ಲಿ ಮಾವನಿಗೆ ಹೆಸರಿತ್ತು, ಆ ಹೆಸರಿಗಿಂತ ಒಂದು ಕೈ ಹೆಚ್ಚು ಜಂಬವೂ ಇತ್ತು.

ಮೇಷ್ಟ್ರು ಮೊದಲು ಖಂಡಿತ ಆಗದು ಎಂದರಂತೆ. ಸೊಪ್ಪಿನವರ ಕೈಗೆ ಪುಸ್ತಕವೇ, ಅದೂ ಬೆಂಕಿಯ ಮನೆಗೆ ಎಂದರಂತೆ. ಮರುದಿನ ಪುಸ್ತಕಗಳಿಗೆ ಬೂಷ್ಟು ಹಿಡಿಯಲು ಶುರುವಾಯಿತು. ಅದರ ಮಾರನೆಯ ದಿನ ನಮ್ಮ ಗಾಡಿಯಲ್ಲಿ ಪುಸ್ತಕಗಳ ರಾಶಿ, ರಾಶಿಯ ಪಕ್ಕದಲ್ಲಿ ಕೊಡೆ ಹಿಡಿದ ಮೇಷ್ಟ್ರು ಬಂದಿಳಿದರು. ಕೊಡೆ ಪುಸ್ತಕಗಳ ಮೇಲಿತ್ತು, ಅವರು ನೆನೆದಿದ್ದರು.

ಹೆಂಗಸರೆಲ್ಲ ಕೂತು ಸೊಪ್ಪು ಕಟ್ಟುವ ಹಾಗೆಯೇ ಪುಸ್ತಕ ಕಟ್ಟಿದೆವು. ಪ್ರತಿಯೊಂದನ್ನೂ ನಡುವೆ ತೆರೆದು, ಕೋಲಿನ ಮೇಲೆ ಕವುಚಿಹಾಕಿ, ದಾರ ಸುತ್ತಿದೆವು. ಪುರಾಣವೂ ವ್ಯಾಕರಣವೂ ಬೇಸಾಯದ ವರದಿಯೂ ಒಂದೇ ಕೋಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತವು. ನಮ್ಮ ಒಂದೊಂದು ಗಂಟಿಗೂ ಮೇಷ್ಟ್ರು "ಮೆತ್ತಗೆ, ಮೆತ್ತಗೆ" ಎನ್ನುತ್ತಿದ್ದರು. ನನ್ನ ಅತ್ತೆ, ಮನೆಯ ಯಜಮಾನಿ, ಕೊನೆಗೆ ತಡೆಯಲಾರದೆ, "ಮೇಷ್ಟ್ರೇ, ನೀವು ಅತ್ಲಾಗೆ ಓಗಿ ಕುಂತ್ಕಳಿ. ಬಾಣ್ತಿ ಪಕ್ಕದಾಗೆ ಗಂಡುಸ್ರು ನಿಂತಂಗಾಯ್ತು" ಎಂದರು. ಮೇಷ್ಟ್ರು ಹೋಗಿ ಕೂತರು.

ಬ್ಯಾರನ್ನಿಗೆ ಬೆಂಕಿ ಇಟ್ಟಾಯಿತು. ಮೇಷ್ಟ್ರು ಮಡಿಯ ಮನುಷ್ಯ, ಅಕ್ಕಿ ಪಾತ್ರೆ ತಾವೇ ತಂದಿದ್ದರು, ದನದ ಕೊಟ್ಟಿಗೆಯ ಪಕ್ಕ ಬೇಯಿಸಿಕೊಂಡರು. ಮಳೆಗೆ ಅವರ ಸೌದೆ ಹತ್ತಲಿಲ್ಲ. ಎರಡು ಹೊತ್ತು ಅವಲಕ್ಕಿಯಲ್ಲಿ ಕಳೆದರು. ಆಮೇಲೆ ಅತ್ತೆಯ ಹುರುಳಿಕಟ್ಟಿನ ಸಾರಿನ ಒಗ್ಗರಣೆ ಘಮ ಬಂದಾಗ, ತೀರ ಸಂಕೋಚದಿಂದ, ವೈದ್ಯರು ಹುರುಳಿ ಒಳ್ಳೆಯದು ಎಂದಿದ್ದಾರೆ ಎಂದು ಹೇಳಿದರು. ಅಂದಿನಿಂದ ವೈದ್ಯರ ಮಾತನ್ನು ದಿನವೂ ಪಾಲಿಸಿದರು.

ಬ್ಯಾರನ್ನಿನ ಗೋಡೆಯಲ್ಲಿ ಒಳಗೆ ನೋಡಲು ಒಂದು ಸಣ್ಣ ಕಿಂಡಿ ಇರುತ್ತದೆ. ಮೇಷ್ಟ್ರು ಆ ಕಿಂಡಿ ಬಿಟ್ಟು ಕದಲಲಿಲ್ಲ. ಒಂದು ದಿನ ಕಳೆದ ಮೇಲೆ, "ಒಣಗಿವೆ, ಸಾಕು, ಬೆಂಕಿ ತೆಗೆಯಿರಿ" ಎಂದರು.

"ಎಲ್ ಸಾಕು?" ಎಂದರು ಮಾವ. "ಇನ್ನೂ ಬಣ್ಣವೇ ಬಂದಿಲ್ವಲ್ಲ."

"ಅದು ಕಾಗದ ಮಾರಾಯರೇ. ಅದಕ್ಕೆ ಯಾವ ಬಣ್ಣ?"

"ಅರ್ಧಕ್ಕೇ ಬೆಂಕಿ ಆರ್ಸುದ್ರೆ ನರದಾಗೆ ನೀರು ನಿಂತು ಕಪ್ಪಾಯ್ತದೆ ಕಣ್ ಮೇಷ್ಟ್ರೇ. ಬ್ಯಾರನ್ ಇಚಾರ ನಂಗೆ ಬುಡಿ. ನೀವು ಜರ್ಮನಿ ಇಚಾರ ನೋಡ್ಕಳಿ."

ಪುಸ್ತಕಕ್ಕೆ ನರವಿಲ್ಲ ಎಂದು ಮಾವನಿಗೆ ಒಪ್ಪಿಸಲು ಯಾರಿಂದಲೂ ಆಗಲಿಲ್ಲ. ಸೊಪ್ಪಿಗೆ ಏನೇನು ಮಾಡಬೇಕೋ ಅದೆಲ್ಲವನ್ನೂ ಪುಸ್ತಕಕ್ಕೂ ಮಾಡಿದರು. ಬಣ್ಣ ಬರುವ ತನಕ ಕಾಯಿಸಿದರು. ಆಮೇಲೆ ಬಾಗಿಲು ತೆರೆದು ಬೆಳಗಿನ ತೇವ ಕುಡಿಸಿದರು, ಇಲ್ಲದಿದ್ದರೆ ಮುಟ್ಟಿದರೆ ಪುಡಿಯಾಗುತ್ತದೆ ಎಂದರು. ಕೊನೆಗೆ ಕೋಲುಗಳು ಕೆಳಗಿಳಿದಾಗ ಪುಸ್ತಕಗಳೆಲ್ಲ ಒಣಗಿದ್ದವು, ಬೂಷ್ಟು ಸತ್ತಿತ್ತು, ಅಕ್ಷರ ಉಳಿದಿತ್ತು. ಮೇಷ್ಟ್ರು ಒಂದನ್ನು ತೆರೆದು ಮೂಗಿನ ಹತ್ತಿರ ಹಿಡಿದು ನಾಲ್ಕಾರು ಸಲ ಸೀನಿದರು. ಪುಟಗಳೆಲ್ಲ ಹಳದಿ ಬಣ್ಣಕ್ಕೆ ತಿರುಗಿ, ಅಂಚು ಸುರುಳಿ ಸುತ್ತಿಕೊಂಡು, ಒಳ್ಳೆಯ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿದ್ದವು. ಆದರೂ ಮೇಷ್ಟ್ರ ಕಣ್ಣಿನಲ್ಲಿ ನೀರಿತ್ತು. ಎಲ್ಲ ಸೀನಿನಿಂದ ಬಂದದ್ದಲ್ಲ.

ಅವರು ಕೋಣೆಯ ಕೆಸರು ಬಳಿಸಲು ಊರಿಗೆ ಹೋದರು. ಆಗಲೇ ಆಗಿದ್ದು ಅನಾಹುತ. ಬ್ಯಾರನ್ನಿನಿಂದ ಇಳಿಸಿದ ಮೇಲೆ ಮುಂದಿನ ಕೆಲಸ ಏನು ಎಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಣ್ಣ ನೋಡಿ ಬೇರೆ ಮಾಡಬೇಕು. ಅತ್ತೆ ಮುಂದೆ ಕೂತು ಒಂದೊಂದೇ ಪುಸ್ತಕವನ್ನು ಬೆಳಕಿಗೆ ಹಿಡಿದು, "ಇದು ಮೊದಲ್ನೇದು, ಇದು ಕಂದು, ಇದ್ರಾಗೆ ಇನ್ನೂ ಅಸುರು ಐತೆ" ಎಂದು ವಿಂಗಡಿಸಿದರು. ಮೇಷ್ಟ್ರು ಬಂದು ನೋಡುವಷ್ಟರಲ್ಲಿ ಪುಸ್ತಕಗಳು ಬಣ್ಣದ ಪ್ರಕಾರ ಗಂಟುಗಳಾಗಿ, ಬಾಳೆನಾರಿನಲ್ಲಿ ಬಿಗಿದು ಸಾಲಾಗಿ ಕೂತಿದ್ದವು. ಮೊದಲ ದರ್ಜೆಯ ಗಂಟಿನಲ್ಲಿ ರೇಷ್ಮೆಹುಳು ಸಾಕುವ ವಿಧಾನ, ಒಂದು ಇಂಗ್ಲಿಷ್ ವ್ಯಾಕರಣ ಮತ್ತು ಒಂದು ಕಾದಂಬರಿಯ ಮೊದಲ ಭಾಗ ಇದ್ದವು. ಪುರಾಣಗಳೆಲ್ಲ, ಕಾಗದ ಹಳೆಯದಾದ್ದರಿಂದ, ಕಡೇ ದರ್ಜೆಯಲ್ಲಿದ್ದವು.

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ವಿಷಯವಾರು, ಅಕಾರಾದಿ, ನಂಬರುವಾರು ಎಂದು ಜೀವನವಿಡೀ ಜೋಡಿಸಿಟ್ಟ ಮನುಷ್ಯ ಅವರು. ಅತ್ತೆ ಅದನ್ನು ಸಂತೋಷದ ಸುಸ್ತು ಎಂದುಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟರು.

ಇನ್ನೊಂದು ಕೆಲಸ ಉಳಿದಿತ್ತು. ಸುರುಳಿ ಸುತ್ತಿದ ಪುಸ್ತಕ ಮುಚ್ಚುವುದೇ ಇಲ್ಲವಲ್ಲ, ಭಾರದ ಕೆಳಗೆ ಕೆಲವು ವಾರ ಒತ್ತಬೇಕು. ಒಂದೇ ಮನೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಗಂಟುಗಳು ಬೇರೆ ಬೇರೆ ಮನೆಗೆ ಹೋದವು, ಭತ್ತದ ಮೂಟೆಯ ಕೆಳಗೆ, ಒರಳುಕಲ್ಲಿನ ಕೆಳಗೆ, ರಾಗಿ ಕಣಜದ ಬುಡಕ್ಕೆ. ಕಂದು ಬಣ್ಣದ ಗಂಟೊಂದು ಹುಣಸೂರಿನಲ್ಲಿ ನಮ್ಮ ಸೊಪ್ಪು ಕೊಳ್ಳುತ್ತಿದ್ದ ಸಾಬರ ಮಂಡಿಗೆ ಹೋಯಿತು. ಅಲ್ಲಿ ಒಳ್ಳೆಯ ಭಾರವಿತ್ತು. ಮೇಷ್ಟ್ರು ಎಲ್ಲರ ಹತ್ತಿರವೂ ಯಾರೂ ತೆರೆದು ನೋಡಬಾರದು ಎಂದು ಮಾತು ತೆಗೆದುಕೊಂಡರು. ಎಲ್ಲರೂ ಕೊಟ್ಟರು.

ನಮ್ಮ ಮನೆಯ ಮೂಟೆಯ ಕೆಳಗಿದ್ದದ್ದು ಮೊದಲ ದರ್ಜೆಯ ಗಂಟು. ನಾನು ಎಷ್ಟು ದಿನ ತಡೆದುಕೊಂಡೆನೋ ಹೇಳುವುದಿಲ್ಲ, ಹೆಚ್ಚಲ್ಲ. ಮಧ್ಯಾಹ್ನ ಎಲ್ಲರೂ ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟುತ್ತಿದ್ದಾಗ ಕಾದಂಬರಿ ಎಳೆದು ಓದುತ್ತ ನಿಂತಿದ್ದೆ. ಅತ್ತೆ ಬಂದದ್ದು ಗೊತ್ತಾಗಲಿಲ್ಲ.

"ಏನೈತೆ ಅದ್ರಾಗೆ?" ಎಂದರು.

ಕಥೆ ಎಂದೆ. ಗಂಡ ಪರದೇಶಕ್ಕೆ ಹೋಗಿ ಸುದ್ದಿಯಿಲ್ಲದವಳು, ನೂಲು ತೆಗೆದು ಮನೆ ನಡೆಸುತ್ತಾಳೆ, ಮೈದುನ ಮನೆ ಬಿಡಿಸಲು ನೋಡುತ್ತಿದ್ದಾನೆ ಎಂದೆ.

"ಬುಟ್ಬುಟ್ಲಾ ಮನೇನ?"

"ಇನ್ನೂ ಗೊತ್ತಿಲ್ಲ."

"ಮತ್ತೆ ಇಲ್ ಯಾಕ್ ನಿಂತಿದ್ದೀಯೆ? ಅಲ್ ಬಂದು ಎಲ್ಲಾರ್ಗೂ ಕೇಳಂಗೆ ಓದು."

ಹೀಗೆ ನನಗೆ ಸೊಪ್ಪು ಕಟ್ಟುವುದರಿಂದ ಬಿಡುಗಡೆಯಾಯಿತು. ಉಳಿದ ಹೆಂಗಸರು ಮೊದಲ ದಿನ ಮೂಗು ಮುರಿದರು. ಸೊಸೆ ಕೂತು ರಾಗ ಎಳೆಯುತ್ತಾಳಂತೆ, ನಾವು ದುಡಿಯಬೇಕಂತೆ ಎಂದರು. ಎರಡನೆಯ ದಿನ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನನಗೆ ಅವರೇ ನೆನಪು ಮಾಡಿದರು. ಸೊಪ್ಪು ಕಟ್ಟುವ ಕೆಲಸಕ್ಕೆ ಕೈ ಬೇಕು, ಕಣ್ಣೂ ಸ್ವಲ್ಪ ಬೇಕು, ಕಿವಿ ಪೂರ್ತಿ ಖಾಲಿ. ನಾನು ಒಂದು ಎಲೆ ಎತ್ತಿಕೊಡಲು ಹೋದರೂ ಅತ್ತೆ ಹರಿಹಾಯುತ್ತಿದ್ದರು. "ಮುಟ್ಬ್ಯಾಡ, ಮುಟ್ಬ್ಯಾಡ, ಪುಸ್ಕಕ್ಕೆ ಮೇಣ ಆಯ್ತದೆ!" ಮೇಷ್ಟ್ರು ಕೂಡ ಅಷ್ಟು ಕಟ್ಟುನಿಟ್ಟಿನವರಾಗಿರಲಿಲ್ಲ.

ಮೊದಲ ಭಾಗ ಮುಗಿಯುವ ಹೊತ್ತಿಗೆ ಆ ಹೆಂಗಸು ಗಂಡನನ್ನು ಹುಡುಕಲು ಹೊರಟು ಹರಿಗೋಲು ಹತ್ತಿದ್ದಳು. ನಡುಹೊಳೆಯಲ್ಲಿ ಗಾಳಿ ಎದ್ದಿತು. ಅಲ್ಲಿಗೆ ಪುಟ ಮುಗಿಯಿತು.

"ಆಮ್ಯಾಕೆ?" ಎಂದರು ಎಲ್ಲರೂ.

ಎರಡನೆಯ ಭಾಗ ನಮ್ಮ ಹತ್ತಿರವಿಲ್ಲ ಎಂದೆ. ಆ ಮಧ್ಯಾಹ್ನ ಕೆಲಸ ನಿಂತುಹೋಯಿತು. ವಿಂಗಡಿಸುವಾಗ ಒಂದೇ ಕಥೆಯನ್ನು ಎರಡು ಗಂಟು ಮಾಡಿದ್ದು ಯಾರು ಎಂದು ಜಗಳವಾಯಿತು. ಎರಡನೆಯ ಭಾಗಕ್ಕೆ ಬಣ್ಣ ಕಡಿಮೆ ಇತ್ತು, ನನ್ನ ಕಣ್ಣಲ್ಲಿ ತಪ್ಪಿಲ್ಲ ಎಂದು ಅತ್ತೆ ವಾದಿಸಿದರು. ಕೊನೆಗೆ ಅದು ಸಾಬರ ಮಂಡಿಯ ಕಂದು ಗಂಟಿನಲ್ಲಿರಬೇಕು ಎಂದು ತೀರ್ಮಾನವಾಯಿತು. ಮುಂದಿನ ಸಂತೆಗೆ ಅತ್ತೆ ನನ್ನನ್ನೂ ಗಾಡಿ ಹತ್ತಿಸಿಕೊಂಡು ಹೊರಟರು.

ಸಾಬರ ಮನೆಯ ಹೆಂಗಸು ಪರದೆ ಸರಿಸಿ ಒಳಗೆ ಕರೆದು ಕೂರಿಸಿದರು. ಹರಿಗೋಲಿನ ಕಥೆ ಎಂದು ನಾನು ಬಾಯಿ ತೆರೆದದ್ದೇ ತಡ, ಆಕೆ ಅತ್ತೆಯ ಕೈ ಹಿಡಿದುಕೊಂಡರು. "ಅವಳು ಹರಿಗೋಲು ಯಾಕೆ ಹತ್ತಿದ್ಳು ಅಮ್ಮಾ? ನಮ್ಗೆ ಅದೇ ಗೊತ್ತಿಲ್ಲ. ನಮ್ ಪುಸ್ತಕ ಶುರು ಆಗೋದೇ ನೀರಲ್ಲಿ!" ಕನ್ನಡ ಶಾಲೆಗೆ ಹೋಗುತ್ತಿದ್ದ ಮಗಳಿಂದ ದಿನವೂ ಓದಿಸಿ ಕೇಳಿದ್ದರಂತೆ. ನಾವು ಮೊದಲಿನಿಂದ ಹೇಳಿದೆವು. ಆಕೆ ಅಲ್ಲಲ್ಲಿ ನಿಟ್ಟುಸಿರು ಬಿಟ್ಟು, ಮೈದುನನಿಗೆ ಉರ್ದುವಿನಲ್ಲಿ ಬೈದರು. ಕೊನೆ ಏನಾಯಿತು ಎಂದು ಅತ್ತೆ ಕೇಳಿದಾಗ ಮಾತ್ರ, "ಓದಿ, ಓದಿ" ಎಂದು ಮುಖ ತಿರುಗಿಸಿಕೊಂಡರು. ಪುಸ್ತಕ ಅದಲುಬದಲಾಯಿತು, ಜೊತೆಗೆ ಒಂದು ತಟ್ಟೆ ಶ್ಯಾವಿಗೆ ಪಾಯಸವಾಯಿತು.

ನಮ್ಮ ಮನೆಯೊಂದರಲ್ಲೇ ಹೀಗಾದದ್ದಲ್ಲ. ಅಧಿಕಾರಿ ಬರುವ ದಿನ ಹತ್ತಿರವಾದಾಗ ಮೇಷ್ಟ್ರು ಪುಸ್ತಕ ವಾಪಸು ಕೇಳಲು ಮನೆ ಮನೆಗೆ ಬಂದರು. ಎಲ್ಲರೂ ಒಂದೇ ಮಾತು, "ಇನ್ನೂ ಒತ್ತಬೇಕು ಮೇಷ್ಟ್ರೇ, ಸುರುಳಿ ಬುಟ್ಟಿಲ್ಲ." ಕೆಲವರು ಬೇಸಾಯದ ವರದಿಗೂ ಹಾಗೆಯೇ ಹೇಳಿದರು. ನಮ್ಮ ಬ್ಯಾರನ್ನಿನ ಹತ್ತಿರ ಬರುವಷ್ಟರಲ್ಲಿ ಮೇಷ್ಟ್ರ ಮುಖ ಕೆಂಪಾಗಿತ್ತು. ನಾನು ಗಟ್ಟಿಯಾಗಿ ಓದುತ್ತಿದ್ದೆ, ಬಚ್ಚಿಡಲು ಹೊತ್ತಿರಲಿಲ್ಲ.

"ಮಾತು ಕೊಟ್ಟಿರಲ್ಲ!" ಎಂದು ಕೂಗಿದರು. "ಬೀರು ಖಾಲಿ ಇದೆ. ಸಾಹೇಬರು ಬಂದರೆ ಏನು ತೋರಿಸಲಿ? ನನ್ನನ್ನು ಬೀದಿಗೆ ಹಾಕ್ತಾರೆ, ಗೊತ್ತೇ ನಿಮಗೆ?"

ಎಲ್ಲರಿಗೂ ಗೊತ್ತಿತ್ತು. ಅತ್ತೆ ಮೆಲ್ಲಗೆ, "ಇದೊಂದು ಪುಟ ಮುಗೀಲಿ, ತಗೊಂಡೋಗಿ" ಎಂದರು. ಮೇಷ್ಟ್ರು ಸೊಪ್ಪಿನ ಗುಡ್ಡೆಯ ಪಕ್ಕದಲ್ಲಿ, ತಮ್ಮ ಬಿಳಿ ಪಂಚೆಯಲ್ಲೇ, ಕೂತರು. ನಾನು ಮುಂದಕ್ಕೆ ಓದಿದೆ. ಎರಡು ಕಡೆ ನನ್ನ ಉಚ್ಚಾರ ತಿದ್ದಿದರು. ಪುಟ ಮುಗಿಯಿತು, ಇನ್ನೊಂದು ಪುಟ ಮುಗಿಯಿತು. ಅಧ್ಯಾಯ ಮುಗಿದಾಗ ಎದ್ದು ಪಂಚೆ ಕೊಡವಿಕೊಂಡರು. ಪುಸ್ತಕ ತೆಗೆದುಕೊಳ್ಳದೆ ಹೋದರು.

ದಸರೆಗೆ ಇನ್ನೂ ಸ್ವಲ್ಪ ದಿನವಿರುವಾಗ ಮೈಸೂರಿನ ಅಧಿಕಾರಿ ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಮೋಟಾರಿನಲ್ಲಿ ಬಂದರು. ಬೀರುವಿನಲ್ಲಿ ಬೆರಳೆಣಿಕೆಯ ಪುಸ್ತಕಗಳಿದ್ದವು. ಉಳಿದವು ಎಲ್ಲಿ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಓದಲು ತೆಗೆದುಕೊಂಡು ಹೋಗಿದ್ದಾರೆ" ಎಂದರಂತೆ. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲಿರಬೇಕು, ಯಾಕೆಂದರೆ ಅವರ ಸ್ವಭಾವ ಗೊತ್ತಿದ್ದ ಊರಿನ ದೊಡ್ಡವರೊಬ್ಬರೂ ನಂಬಲಿಲ್ಲ. ಒಂದು ಮನೆ ತೋರಿಸಿ ನೋಡೋಣ ಎಂದರು ಅಧಿಕಾರಿ.

ಅವರ ಮೋಟಾರು ನಮ್ಮ ಬ್ಯಾರನ್ನಿನ ಮುಂದೆ ನಿಂತಾಗ ನಾವೆಲ್ಲ ಅಳುತ್ತಿದ್ದೆವು.

ಎರಡನೆಯ ಭಾಗದ ಕೊನೆಯ ಪುಟ ಅದು. ಆ ಹೆಂಗಸು ಹೊಳೆಯಲ್ಲಿ ಉಳಿದಳು, ಗಂಡನನ್ನೂ ಹುಡುಕಿದಳು, ಅವನನ್ನು ಮನೆಗೆ ಕರೆತಂದಳು, ಎಲ್ಲ ಆದ ಮೇಲೆ ಜ್ವರ ಬಂದು ಸತ್ತಳು. ಹೆಂಗಸರ ಕೈಯೆಲ್ಲ ಸೊಪ್ಪಿನ ಮೇಣ, ಕಣ್ಣಿಗೆ ತಾಗಿದರೆ ಉರಿ, ಕಣ್ಣೊರೆಸಿಕೊಳ್ಳುವ ಹಾಗಿಲ್ಲ. ಎಲ್ಲರೂ ಮುಖವನ್ನು ತಮ್ಮ ತಮ್ಮ ಹೆಗಲಿಗೆ, ಪಕ್ಕದವಳ ಹೆಗಲಿಗೆ ಉಜ್ಜುತ್ತಿದ್ದರು.

ಅಧಿಕಾರಿ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಯಾರು ಹೋದದ್ದು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಮ್ ಉಡ್ಗಿ ಸ್ವಾಮಿ" ಎಂದರು ಅತ್ತೆ. "ಎಷ್ಟ್ ಕಷ್ಟ ಪಟ್ಟಿದ್ಲು. ಒಂದ್ ದಿನ ಸುಖ ಕಾಣ್ನಿಲ್ಲ."

"ಏನಾಗಿತ್ತು?"

"ಜ್ವರ."

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. ಪ್ಲೇಗಿನ ಭಯ ಆಗ ಎಲ್ಲರಿಗೂ ಇತ್ತು. ಹೆಣ ಎಲ್ಲಿ, ಊರಿನವರಿಗೆ ಸೂಜಿ ಚುಚ್ಚಿಸಿದ್ದೀರಾ ಎಂದು ಕೇಳಲು ಶುರುಮಾಡಿದರು. ನಾನು ಕೈಯಲ್ಲಿದ್ದ ಪುಸ್ತಕ ಎತ್ತಿ ತೋರಿಸಿದೆ. ಅವರು ಅದನ್ನು ತೆಗೆದುಕೊಂಡು, ತಿರುಗಿಸಿ, ಮೂಸಿ ನೋಡಿ, ಮೂರು ಸಲ ಸೀನಿದರು. ಆಮೇಲೆ ಹ್ಯಾಟು ಹಾಕಿಕೊಂಡರು.

ಪುಟಗಳನ್ನು ನೋಡಿದರು, ನನ್ನ ಕೈ ನೋಡಿದರು, ಮೆಚ್ಚಿದರು. ಊರಲ್ಲಿ ಇಂಥ ಇನ್ನೂ ಎಷ್ಟು ಮನೆ ಎಂದು ವಿಚಾರಿಸಿದರು. ನನಗೆ ಖುಷಿಯಾಗುತ್ತಿತ್ತು, ಅಷ್ಟರಲ್ಲಿ ಅವರು ಜೊತೆಯಲ್ಲಿ ಬಂದಿದ್ದ ಮೇಷ್ಟ್ರ ಕಡೆ ತಿರುಗಿದರು.

"ಬಹಳ ಸಂತೋಷ. ಪುಸ್ತಕ ಮನೆಗಳಲ್ಲೇ ಇವೆ, ಜನ ತಾವೇ ಓದಿಕೊಳ್ತಾ ಇದ್ದಾರೆ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ತಾ ಇದ್ದಾರೆ. ಹಾಗಿದ್ದ ಮೇಲೆ ಕಟ್ಟಡ ಯಾಕೆ? ಅದಕ್ಕೊಬ್ಬರು ಯಾಕೆ? ಡಿಪೋಗೆ ಕೊಟ್ಟುಬಿಡಬಹುದಲ್ಲ."

ಪುಸ್ತಕ ಕೊಡದೆ ಇದ್ದಷ್ಟು ಕಾಲ ಮೇಷ್ಟ್ರ ಜಾಗ ಭದ್ರವಾಗಿತ್ತು, ಕೊಟ್ಟದ್ದರಿಂದ ಹೋಗುತ್ತಿತ್ತು. ಅವರು ನೆಲ ನೋಡುತ್ತ ನಿಂತರು. ಆ ಅಧಿಕಾರಿಯ ಮೇಲೆ ಬಂದ ಸಿಟ್ಟು, ಈಗ ಬರೆಯುವಾಗಲೂ ಸ್ವಲ್ಪ ಬರುತ್ತಿದೆ. ಆದರೆ ಸೊಸೆಯಾದವಳು ಮೋಟಾರಿನಲ್ಲಿ ಬಂದವರೆದುರು ಮಾತಾಡುವ ಕಾಲವಲ್ಲ ಅದು.

ಅತ್ತೆಗೆ ಅಂಥ ಅಡ್ಡಿ ಇರಲಿಲ್ಲ. ಕೈಯಲ್ಲಿದ್ದ ಕೋಲು ಕೆಳಗಿಟ್ಟರು.

"ಸ್ವಾಮಿ, ಇದು ಮುಗೀತು. ಮುಂದ್ಕೆ ಯಾವ್ದು ಓದ್ಬೇಕು?"

"ಯಾವುದಾದರೂ ಓದಿ" ಎಂದರು ಅಧಿಕಾರಿ.

"ಯಾವ್ದಾದ್ರೂ ಅಂದ್ರೆ? ಅದ್ರಾಗೇನೈತೆ ಅಂತ ನಿಮ್ಗೆ ಗೊತ್ತಾ?"

ಗೊತ್ತಿರಲಿಲ್ಲ. ಅತ್ತೆ ಅವರನ್ನು ಅಲ್ಲಿಗೇ ಬಿಟ್ಟು ಮೇಷ್ಟ್ರ ಮುಂದೆ ಹೋಗಿ ನಿಂತರು. "ಮೇಷ್ಟ್ರೇ, ಇದ್ರಾಗೆ ಅವಳ್ನ ಸಾಯ್ಸವ್ರೆ. ನಮ್ಗೆ ಬ್ಯಾಸ್ರ ಆಗೋಗೈತೆ. ಎಂಗ್ಸು ಕೊನೇವರ್ಗೂ ಬದುಕಿರೋದು ಒಂದು ಕೊಡಿ."

ಮೇಷ್ಟ್ರು ತಲೆ ಎತ್ತಿದರು. ಕಣ್ಣು ಮುಚ್ಚಿಕೊಂಡರು. ಆ ಬೀರುವನ್ನು ಮನಸ್ಸಿನಲ್ಲೇ ತೆರೆದು ಮೇಲಿನ ಸಾಲಿನಿಂದ ನೋಡುತ್ತಿದ್ದಾರೆ ಎನ್ನುವುದು ತುಟಿ ಅಲುಗುವುದರಿಂದ ಗೊತ್ತಾಗುತ್ತಿತ್ತು. ಒಂದು ಕಡೆ ತುಟಿ ನಿಂತಿತು. ಇಲ್ಲ, ಅವಳು ಬಾವಿಗೆ ಬೀಳುತ್ತಾಳೆ ಎಂದು ತಾವೇ ಹೇಳಿಕೊಂಡರು. ಇನ್ನೊಂದು ಕಡೆ ನಿಂತಿತು, ಅವಳಿಗೂ ಕ್ಷಯ. ಹೆಂಗಸರೆಲ್ಲ ಕೈ ನಿಲ್ಲಿಸಿ ಕಾಯುತ್ತಿದ್ದರು. ಅಧಿಕಾರಿಯೂ ಕಾಯುತ್ತಿದ್ದರು.

"ನಮ್ಮಲ್ಲಿಲ್ಲ ತಾಯಿ" ಎಂದರು ಕೊನೆಗೆ. "ಹುಡುಕಬೇಕು. ಮೈಸೂರಿನಿಂದ ತರಿಸಬೇಕು."

"ನೀವೇ ಉಡುಕ್ಬೇಕು ಮತ್ತೆ" ಎಂದರು ಅತ್ತೆ. "ನಮ್ಗೇನ್ ಗೊತ್ತಾಯ್ತದೆ? ಬಣ್ಣ ನೋಡಿ ಯೋಳ್ಬೌದು, ಅಷ್ಟೇಯ."

ಅಧಿಕಾರಿ ಪುಸ್ತಕವನ್ನು ನನ್ನ ಕೈಗೆ ಹಿಂದಿರುಗಿಸಿದರು. ಮೋಟಾರಿನ ಬಾಗಿಲಿಗೆ ಕೈಯಿಟ್ಟವರು ತಿರುಗಿ, "ಅಂಥದ್ದು ಸಿಗೋಕೆ ಎಷ್ಟು ಕಾಲ ಬೇಕಾಗಬಹುದು?" ಎಂದು ಮೇಷ್ಟ್ರನ್ನು ಕೇಳಿದರು.

"ಹೇಳಲಾರೆ. ಬರೆದವರು ಕಡಿಮೆ. ಸಿಕ್ಕಿದ್ದನ್ನೆಲ್ಲ ನಾನೇ ಕೊನೆಯ ಪುಟದವರೆಗೆ ಓದಿ ನೋಡಬೇಕು. ಅಲ್ಲಿಯವರೆಗೆ ಚೆನ್ನಾಗಿ ನಡೆಸಿ, ಕಡೇ ಪುಟದಲ್ಲಿ ಸಾಯಿಸೋರೇ ಹೆಚ್ಚು."

ಅಧಿಕಾರಿ ನಮ್ಮ ಒದ್ದೆ ಮುಖಗಳನ್ನೊಮ್ಮೆ ನೋಡಿದರು. "ಹಾಗಾದರೆ ಸಿಗುವವರೆಗೆ ಕಟ್ಟಡ ನಿಮ್ಮ ಹತ್ತಿರವೇ ಇರಲಿ. ಡಿಪೋಗೆ ಬೇರೆ ಜಾಗ ನೋಡ್ತೀವಿ" ಎಂದು ಹತ್ತಿ ಕೂತರು.

ಮೋಟಾರು ಇದ್ದಿಲ ಹೊಗೆ ಬಿಡುತ್ತ ಹುಣಸೂರಿನ ದಾರಿ ಹಿಡಿಯಿತು. ಮೇಷ್ಟ್ರು ಅದನ್ನೇ ನೋಡುತ್ತ ನಿಂತಿದ್ದರು. ಅದು ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಹತ್ತಿರ ಬಂದು, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು:

"ಮೇಷ್ಟ್ರೇ, ಬೇಗ್ನೆ ಸಿಕ್ಬುಟ್ರೂ ಆ ಸಾಯೇಬ್ರಿಗೆ ಮಾತ್ರ ಯೋಳ್ಬ್ಯಾಡಿ. ನಮ್ಗೆ ತಂದ್ಕೊಡಿ."